ಗುಳ್ಳೆಯಿಲ್ಲದ ತುರಿಕೆ

ಲಾಂಡ್ರಿಯಲ್ಲಿ ನನಗೊಂದು ಅಡ್ಡಹೆಸರಿದೆ. ಗುಳ್ಳೆ ಮೇಡಂ. ಎದುರಿಗೆ ಯಾರೂ ಕರೆಯಲ್ಲ, ಅಷ್ಟು ಧೈರ್ಯ ಯಾರಿಗಿದೆ? ಡ್ರೈಯರ್ ಹಿಂದೆ ನಿಂತು, ಮೆಷಿನ್ ಸದ್ದಿನಲ್ಲಿ ನನಗೆ ಕೇಳಿಸಲ್ಲ ಅಂದುಕೊಂಡು, ಕಿಸಿಕಿಸಿ ನಗುತ್ತಾ ಹೇಳಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷ ಅದೇ ಸದ್ದಿನಲ್ಲಿ ಬದುಕಿದವಳಿಗೆ ಅದರೊಳಗಿನ ಪಿಸುಮಾತೂ ಕೇಳಿಸುತ್ತೆ ಅನ್ನೋದು ಆ ಪೆದ್ದಿಗಳಿಗೆ ಗೊತ್ತಿಲ್ಲ. ಇರಲಿ, ಆ ಹೆಸರಿನ ಬಗ್ಗೆ ನನಗೇನೂ ಬೇಜಾರಿರಲಿಲ್ಲ. ನಿಜ ಹೇಳಬೇಕಂದರೆ ಸ್ವಲ್ಪ ಜಂಬವೇ ಇತ್ತು.

ಹೆಸರು ಬಂದ ಕತೆ ಮೊದಲು ಹೇಳಿಬಿಡ್ತೀನಿ. ಊರಿನ ಹೋಟೆಲುಗಳ ಬೆಡ್‌ಶೀಟು, ಟವೆಲು, ದಿಂಬಿನ ಕವರು ಎಲ್ಲ ನಮ್ಮಲ್ಲಿಗೇ ಬರೋದು. ಗಂಟು ಬಿಚ್ಚುವ ಕೋಣೆ, ಒಗೆಯುವ ಮೆಷಿನ್‌ಗಳ ಸಾಲು, ಡ್ರೈಯರ್‌ಗಳು, ಶೀಟುಗಳಿಗೆ ಇಸ್ತ್ರಿ ಹಾಕುವ ದೊಡ್ಡ ರೋಲರ್, ಕೊನೆಗೆ ಮಡಚುವ ಮೇಜು. ಮೂವತ್ತೊಂದು ಹೆಂಗಸರು, ಅವರ ಮೇಲೆ ನಾನು. ದಿನವಿಡೀ ಪೌಡರು, ಬ್ಲೀಚು ಮುಟ್ಟಿದರೆ ಕೈ ತುರಿಸದೆ ಇರುತ್ತಾ? ತುರಿಸುತ್ತೆ. ನನ್ನ ಕೈಯೂ ಹತ್ತು ವರ್ಷ ತುರಿಸಿ, ಸಿಪ್ಪೆ ಎದ್ದು, ಕೊನೆಗೆ ಅದೇ ಸಾಕಾಗಿ ಸುಮ್ಮನಾಯಿತು.

ಮೊದಲೆಲ್ಲ ತುರಿಕೆ ಅಂದರೆ ಸಾಕು, ಎರಡು ದಿನ ರಜೆ ಸಿಗುತ್ತಿತ್ತು. ಏನಾಯ್ತು ಗೊತ್ತಾ? ಒಂದು ಹೊಸ ಸಿನಿಮಾ ಬಂದ ದಿನ ಹನ್ನೊಂದು ಜನಕ್ಕೆ ಒಟ್ಟಿಗೆ ತುರಿಕೆ! ಮಾಲೀಕರು ನನ್ನನ್ನು ಆಫೀಸಿಗೆ ಕರೆದು, "ಏನಮ್ಮಾ, ಅಂಟುರೋಗ ಯಾವುದು, ತುರಿಕೆನಾ ಸಿನಿಮಾನಾ?" ಅಂತ ಕೇಳಿದರು. ಮುಖಕ್ಕೆ ಹೊಡೆದ ಹಾಗಾಯ್ತು. ಮಾರನೇ ದಿನವೇ ನಾನೊಂದು ಕಾನೂನು ಮಾಡಿದೆ. ಗುಳ್ಳೆ ತೋರಿಸು, ರಜೆ ತಗೋ. ನನ್ನ ಮೇಜಿನ ಪಕ್ಕದ ಕಿಟಕಿಗೆ ಬಂದು ಬೆಳಕಿಗೆ ಕೈ ಹಿಡಿಯಬೇಕು. ಗುಳ್ಳೆಯೋ ದದ್ದೋ ಕಂಡರೆ ರಜೆ, ಒಂದು ಟ್ಯೂಬು ಮುಲಾಮು, ಹೊಸ ಗ್ಲೌಸು. ಕಾಣದಿದ್ದರೆ ತಿರುಗಿ ಕೆಲಸಕ್ಕೆ. ಒಬ್ಬಳು ಲಿಪ್‌ಸ್ಟಿಕ್ಕಿನಲ್ಲಿ ಚುಕ್ಕೆ ಇಟ್ಟುಕೊಂಡು ಬಂದಿದ್ದಳು. ನಾನು ಮಾತಾಡದೆ ಒದ್ದೆ ಟವೆಲಿನಿಂದ ಒರೆಸಿದೆ ನೋಡಿ, ಇಡೀ ಲಾಂಡ್ರಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ನನ್ನ ಕಣ್ಣಿಗೆ ಮಣ್ಣೆರಚುವ ಸಾಹಸ ಯಾರೂ ಮಾಡಲಿಲ್ಲ.

ಎರಡು ವರ್ಷದ ಹಿಂದೆ ನನ್ನ ತಂಗಿಯನ್ನು ಅಲ್ಲಿಗೆ ಕೆಲಸಕ್ಕೆ ಸೇರಿಸಿದೆ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅಮ್ಮ ಹೋದಾಗ ಅವಳಿಗೆ ಆರು ವರ್ಷ, ತಲೆ ಬಾಚಿದ್ದು, ಸ್ಕೂಲಿಗೆ ಕಳಿಸಿದ್ದು, ಮದುವೆ ಮಾಡಿದ್ದು ಎಲ್ಲ ನಾನೇ. ಅವಳು ಬಂದ ಮೊದಲ ವಾರವೇ ಡ್ರೈಯರ್ ಹಿಂದೆ ಶುರುವಾಯಿತು: "ನೋಡ್ತಾ ಇರು, ಇನ್ಮೇಲೆ ಮೇಡಂ ತಂಗಿಗೆ ಕೂತಲ್ಲೇ ಸಂಬಳ." ನನಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ, "ಮನೇಲಿ ನಾನು ನಿನ್ನ ಅಕ್ಕ. ಇಲ್ಲಿ ಎಲ್ಲರ ಹಾಗೆ ಮೇಡಂ ಅನ್ನು." ಪಾಪ, ಅವಳು ನಕ್ಕುಬಿಟ್ಟಳು. "ಆಯ್ತು ಮೇಡಂ" ಅಂತ ಸೆಲ್ಯೂಟ್ ಬೇರೆ ಹೊಡೆದಳು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಬಸುರಿಯಾದಳು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ರಾತ್ರಿ ಪಾಳಿ. ಇವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನು ಮನೆಗೆ ಬರುತ್ತಿದ್ದ. ಅವನ ತಾಯಿ ಬೇರೆ ಊರಿನಲ್ಲಿ, ಮಗಳ ಮನೆಯಲ್ಲಿ. ಹಾಗಾಗಿ ಬಸುರಿಯನ್ನು ನೋಡಿಕೊಳ್ಳೋಕೆ ಅಂತ ಇದ್ದವಳು ನಾನೊಬ್ಬಳೇ. ನೋಡಿಕೊಂಡೆ ಕೂಡ. ಕ್ಲಿನಿಕ್ಕಿನ ತಪಾಸಣೆಗಳಿಗೆ ನಾನೇ ಕರಕೊಂಡು ಹೋದೆ, ಮಾತ್ರೆ ತಗೊಂಡ್ಯಾ ಅಂತ ದಿನಾ ಕೇಳಿದೆ. ಎಲ್ಲ ಚೆನ್ನಾಗಿದೆ ಅಂದಿದ್ದರು. ಮಗು ಯಾವಾಗ ನೋಡಿದರೂ ಒದೆಯುತ್ತಿತ್ತು. "ಇದು ಮಡಚೋ ಮೇಜಿಗೇ ಕೆಲಸಕ್ಕೆ ಬರುತ್ತೆ ನೋಡು, ಕೈಕಾಲು ಸುಮ್ನೆ ಇಡಲ್ಲ" ಅಂತ ತಂಗಿ ಅನ್ನುತ್ತಿದ್ದಳು.

ಎಂಟು ತಿಂಗಳು ತುಂಬುವ ಹೊತ್ತಿಗೆ, ಒಂದು ಸೋಮವಾರ, ಅವಳು ಕಿಟಕಿಯ ಹತ್ತಿರ ಬಂದು ನಿಂತಳು.

"ಮೇಡಂ, ಕೈ ತುರಿಸ್ತಾ ಇದೆ. ಅಂಗೈ. ಅಂಗಾಲೂ ಅಷ್ಟೇ. ರಾತ್ರಿ ಮಲಗೋಕೇ ಆಗ್ತಿಲ್ಲ."

ಸಾಲಿನಲ್ಲಿ ಇನ್ನೂ ಇಬ್ಬರು ನಿಂತಿದ್ದರು. ಎಲ್ಲರ ಕಣ್ಣು ನನ್ನ ಮೇಲೇ. ನಾನು ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ, ಹಿಂದೆ ಮುಂದೆ ನೋಡಿದೆ. ಉಗುರಿನ ಗೀರುಗಳಿದ್ದವು. ಗುಳ್ಳೆ ಇಲ್ಲ, ದದ್ದಿಲ್ಲ, ಒಂದು ಚುಕ್ಕೆಯೂ ಇಲ್ಲ.

"ಏನೂ ಇಲ್ವಲ್ಲೇ" ಅಂದೆ.

"ಕಾಣಲ್ಲ. ಆದ್ರೆ ಒಳಗಿಂದ ತುರಿಸುತ್ತೆ."

ಹಿಂದೆ ನಿಂತವಳು ಮೂಗಿನಲ್ಲೇ ನಕ್ಕಿದ್ದು ಕೇಳಿಸಿತು. ನನಗೆ ಅಷ್ಟು ಸಾಕಾಯಿತು. "ಹೊಟ್ಟೆ ದೊಡ್ಡದಾದಾಗ ಚರ್ಮ ಎಳೆಯುತ್ತೆ, ತುರಿಸುತ್ತೆ. ಬಸುರಿಯರಿಗೆಲ್ಲ ಇದ್ದದ್ದೇ. ಎಣ್ಣೆ ಹಚ್ಕೋ ಹೋಗು" ಅಂದೆ. ಹೊಟ್ಟೆಯ ಚರ್ಮ ಎಳೆದರೆ ಅಂಗೈ ಯಾಕೆ ತುರಿಸುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲವೋ, ಹೊಳೆಯೋಕೆ ಬಿಡಲಿಲ್ಲವೋ. ಅವಳು ತಲೆಯಾಡಿಸಿ ಮೇಜಿಗೆ ಹೋದಳು.

ಆ ವಾರ ಪೂರ್ತಿ ನೋಡುತ್ತಿದ್ದೆ. ಶೀಟು ಮಡಚುತ್ತಾ ಮಡಚುತ್ತಾ ಅಂಗೈಯನ್ನು ಮೇಜಿನ ಅಂಚಿಗೆ ಉಜ್ಜುತ್ತಿದ್ದಳು. ಟೀ ಹೊತ್ತಿನಲ್ಲಿ ಗಂಬೂಟು ಕಳಚಿ, ಅಂಗಾಲನ್ನು ಮೆಟ್ಟಿಲ ಸಿಮೆಂಟಿಗೆ ತಿಕ್ಕುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನನಗೆ ಪಾಪ ಅನಿಸಲಿಲ್ಲ ಅಂತಲ್ಲ. ಅನಿಸಿತು. ಅದಕ್ಕೇ ಅವಳನ್ನು ಮಡಚುವ ಮೇಜಿನಿಂದ ತೆಗೆದು, ಪೌಡರಿನ ಗಾಳಿಯೂ ಬರದ ಹಿಂದಿನ ಕೋಣೆಗೆ, ಶೀಟುಗಳಿಗೆ ಹೋಟೆಲಿನ ಗುರುತುಪಟ್ಟಿ ಹೊಲಿಯೋಕೆ ಕೂರಿಸಿದೆ. ನೋಡಿ, ನಾನೇನು ರಾಕ್ಷಸಿಯಲ್ಲ.

ಅಲ್ಲಿಯೂ ತುರಿಕೆ ನಿಲ್ಲಲಿಲ್ಲ. ಪೌಡರ್ ಇಲ್ಲ, ಬ್ಲೀಚ್ ಇಲ್ಲ, ಆದರೂ ತುರಿಕೆ ಜಾಸ್ತಿಯೇ ಆಯಿತು. ಬುದ್ಧಿ ಇದ್ದವರು ಏನಂದುಕೊಳ್ಳಬೇಕು? ಇದು ಪೌಡರಿನದಲ್ಲ, ಬೇರೆ ಏನೋ ಇದೆ ಅಂದುಕೊಳ್ಳಬೇಕು. ನಾನು ಏನಂದುಕೊಂಡೆ? ಇವಳಿಗೆ ಕೆಲಸ ಸಾಕಾಗಿದೆ, ಮನೆಗೆ ಹೋಗಬೇಕು, ಅದಕ್ಕೆ ನೆಪ ಅಂದುಕೊಂಡೆ. ಇಷ್ಟು ವರ್ಷ ಕಳ್ಳ ತುರಿಕೆ ಹಿಡಿದೂ ಹಿಡಿದೂ ನನಗೆ ನಿಜವಾದ ತುರಿಕೆ ಕಾಣದ ಹಾಗಾಗಿತ್ತು.

ನಮ್ಮಲ್ಲಿ ಇಸ್ತ್ರಿ ರೋಲರ್ ನೋಡಿಕೊಳ್ಳುವ ಒಬ್ಬ ವಯಸ್ಸಾದ ಹೆಂಗಸಿದ್ದಾಳೆ, ಎಲ್ಲರೂ ಇಸ್ತ್ರಿ ದೊಡ್ಡಮ್ಮ ಅಂತಾರೆ. ನನ್ನ ಜೊತೆ ಟೀ ಕುಡಿಯುವ ಸಲಿಗೆ ಇದ್ದದ್ದು ಅವಳೊಬ್ಬಳಿಗೇ. ಒಂದು ದಿನ ಲೋಟ ಕೈಯಲ್ಲಿ ಹಿಡಿದೇ ಕೇಳಿದಳು, "ಅಲ್ಲ ಮೇಡಂ, ಕೈಗಾದ್ರೆ ಪೌಡರ್ ತಾಗುತ್ತೆ. ಗಂಬೂಟು ಹಾಕ್ಕೊಂಡಿರೋ ಅಂಗಾಲು ಯಾಕೆ ತುರಿಸಬೇಕು? ಒಂದ್ಸಲ ಡಾಕ್ಟ್ರಿಗೆ ತೋರಿಸಬಾರ್ದಾ?"

"ನೀನ್ಯಾವಾಗ ಡಾಕ್ಟ್ರಾದೆ?" ಅಂದೆ.

"ಡಾಕ್ಟ್ರಲ್ಲ ಅಂತಾನೇ ತೋರಿಸಿ ಅಂತಿದೀನಿ."

"ನನ್ನ ತಂಗಿ ವಿಷಯದಲ್ಲಿ ಮೂಗು ತೂರಿಸಬೇಡ." ಅವಳು ಲೋಟ ಕೆಳಗಿಟ್ಟು ಎದ್ದು ಹೋದಳು. ಮಾತು ನನ್ನ ಕಿವಿಗೆ ಬಿದ್ದಿತ್ತು, ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಅಷ್ಟೇ.

ಮೂರನೇ ವಾರದ ಬುಧವಾರ. ಆ ದಿನ ಒಂದು ದೊಡ್ಡ ಹೋಟೆಲಿನಲ್ಲಿ ಯಾವುದೋ ಸಮ್ಮೇಳನ, ಎರಡು ಸಾವಿರ ಶೀಟು ಸಂಜೆಯೊಳಗೆ ಹೋಗಬೇಕು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ತಂಗಿ ಹಿಂದಿನ ಕೋಣೆಯಿಂದ ಬಂದು, ಬಾತ್‌ರೂಮಿನ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದಳು.

"ಅರ್ಧ ದಿನ ಬಿಡ್ತೀರಾ? ಕ್ಲಿನಿಕ್ಕಿಗೆ ಹೋಗಿ ಬರ್ತೀನಿ."

"ನಿನ್ನ ತಪಾಸಣೆ ಬರೋ ಬುಧವಾರ ಅಲ್ವಾ?"

"ಹೌದು. ಆದ್ರೆ…" ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಎರಡು ದಿನದಿಂದ ಉಚ್ಚೆ ಕಡು ಟೀ ಬಣ್ಣ ಬರ್ತಿದೆ. ಏನೋ ಸರಿಯಿಲ್ಲ ಅನ್ಸುತ್ತೆ."

"ನೀರು ಕುಡಿ. ಬಿಸಿ ಕೋಣೆಯಲ್ಲಿ ಕೂತರೆ ಎಲ್ಲರಿಗೂ ಹಾಗೇ ಬರುತ್ತೆ."

"ಅಕ್ಕ, ನಂಗೆ ಭಯ ಆಗ್ತಿದೆ. ನಿಜವಾಗ್ಲೂ."

ಕಾರಿಡಾರಿನ ಆ ತುದಿಯಲ್ಲಿ ಇಬ್ಬರು ಹುಡುಗಿಯರು ಬಟ್ಟೆಯ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ನಮ್ಮನ್ನು ನೋಡಿ ನಿಧಾನ ಮಾಡಿದರು, ಕಿವಿ ನೆಟ್ಟಗಾಯಿತು. ನನ್ನ ಬಾಯಿಂದ ಆ ಮಾತು ಬಂದದ್ದು ಅವರಿಗೋಸ್ಕರ. ಅವರಿಗೆ ಕೇಳಿಸಲಿ ಅಂತಲೇ ಜೋರಾಗಿ ಹೇಳಿದೆ.

"ಇಲ್ಲಿ ಅಕ್ಕ ಅಂತ ಯಾರೂ ಇಲ್ಲ. ಗುಳ್ಳೆ ಇದ್ರೆ ತೋರಿಸು, ಇಲ್ಲಾಂದ್ರೆ ಕೆಲಸಕ್ಕೆ ಹೋಗು. ಎಲ್ಲರಿಗೂ ಒಂದೇ ಕಾನೂನು."

 ಅವಳು "ಸರಿ ಮೇಡಂ" ಅಂದು ಹೋದಳು. ಬೇರೆ ಯಾರಾದರೂ ಬಸುರಿ ಆ ಮಾತು ಹೇಳಿದ್ದರೆ ಅರ್ಧ ದಿನ ಕೊಡುತ್ತಿದ್ದೆ, ಆಣೆ ಮಾಡಿ ಹೇಳ್ತೀನಿ. ಸ್ವಂತ ತಂಗಿ ಅಂತ ಕೊಡಲಿಲ್ಲ. ಆ ಸಂಜೆ ಎರಡು ಸಾವಿರ ಶೀಟೂ ಹೊತ್ತಿಗೆ ಸರಿಯಾಗಿ ಹೋದವು, ಮಾಲೀಕರು ಶಹಭಾಸ್ ಅಂದರು.

ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಸಾಲಿನಲ್ಲಿ ನಿಲ್ಲಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಕೈಯೆರಡೂ ಹೊಟ್ಟೆಯ ಮೇಲೆ.

"ನಿನ್ನೆ ಮಧ್ಯಾಹ್ನದಿಂದ ಒದೀತಿಲ್ಲ. ಮಲಗಿ ನೋಡ್ದೆ, ಕೂತು ನೋಡ್ದೆ, ತಣ್ಣೀರು ಕುಡಿದು ನೋಡ್ದೆ. ಒಂದು ಸಲಾನೂ ಒದೀಲಿಲ್ಲ."

 ಪೆನ್ನು ಎಲ್ಲಿ ಬಿಸಾಕಿದೆನೋ ಗೊತ್ತಿಲ್ಲ. ಬಟ್ಟೆ ಸಾಗಿಸುವ ವ್ಯಾನು ಬಾಗಿಲಲ್ಲೇ ನಿಂತಿತ್ತು, ಅದರಲ್ಲೇ ಅವಳನ್ನು ಹತ್ತಿಸಿದೆ. ಒಗೆದ ಟವೆಲುಗಳ ಗಂಟಿಗೆ ಒರಗಿಸಿ ಕೂರಿಸಿ, ದಾರಿಯುದ್ದಕ್ಕೂ ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ. "ನಿದ್ದೆ ಮಾಡ್ತಿರುತ್ತೆ ಕಣೇ. ಮಕ್ಕಳು ನಿದ್ದೆ ಮಾಡ್ತವೆ" ಅಂತ ಒಂದೇ ಸಮ ಬಡಬಡಿಸಿದೆ. ವ್ಯಾನು ಗುಂಡಿಗೆ ಇಳಿದಾಗಲೆಲ್ಲ ನನ್ನ ಕೈಕೆಳಗೆ ಏನೋ ಆಡಿದ ಹಾಗಾಗುತ್ತಿತ್ತು. "ನೋಡು, ಒದೀತು!" ಅಂದೆ ಒಂದು ಸಲ. "ಅದು ವ್ಯಾನು" ಅಂದಳು ತಂಗಿ.

ಆಸ್ಪತ್ರೆಯಲ್ಲಿ ನರ್ಸು ಮೊದಲು ಮಗುವಿನ ಎದೆಬಡಿತ ಕೇಳುವ ಪುಟ್ಟ ಯಂತ್ರ ಇಟ್ಟಳು. ಜಾಗ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು. ಆಮೇಲೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಡಾಕ್ಟರು ಸ್ಕ್ಯಾನಿನ ಪರದೆಯನ್ನು ತುಂಬ ಹೊತ್ತು ನೋಡಿದರು. ಚಿಕ್ಕ ವಯಸ್ಸಿನ ಹೆಂಗಸು, ನನ್ನ ತಂಗಿಯಷ್ಟೇ ಇರಬಹುದು. ಕುರ್ಚಿ ಎಳೆದುಕೊಂಡು ತಂಗಿಯ ಪಕ್ಕ ಕೂತು, ಅವಳ ಭುಜ ಮುಟ್ಟಿ ಹೇಳಿದರು, "ಮಗುವಿನ ಎದೆಬಡಿತ ನಿಂತುಹೋಗಿದೆ. ಕ್ಷಮಿಸಿ."

ತಂಗಿ ಅಳಲಿಲ್ಲ. "ಇನ್ನೊಂದ್ಸಲ ನೋಡಿ" ಅಂದಳು. ಅವರು ಇನ್ನೊಂದು ಸಲ ನೋಡಿದರು.

ಅಷ್ಟರಲ್ಲಿ ಅವಳ ಗಂಡ ನಿದ್ದೆಗಣ್ಣಲ್ಲೇ ಓಡಿ ಬಂದ. ಅಂಗಿಯ ಗುಂಡಿ ಮೇಲುಕೆಳಗೆ ಹಾಕಿಕೊಂಡಿದ್ದ. ವಿಷಯ ಕೇಳಿ ಗೋಡೆಗೆ ಒರಗಿ ನಿಂತವನು ನಿಂತೇ ಇದ್ದ. ರಕ್ತ ತೆಗೆದುಕೊಂಡರು. ಎರಡು ಗಂಟೆ ಬಿಟ್ಟು ಡಾಕ್ಟರು ಫೈಲು ಹಿಡಿದು ಬಂದು, ತಂಗಿಯ ಕೈ ಬಿಡಿಸಿ ಅಂಗೈಯ ಗೀರುಗಳನ್ನು ನೋಡಿದರು. ಆಮೇಲೆ ಹೊದಿಕೆ ಸರಿಸಿ ಅಂಗಾಲನ್ನೂ ನೋಡಿದರು. ನಾನು ಆ ಪುಣ್ಯಾತ್ಗಿತ್ತಿಯ ಅಂಗಾಲನ್ನು ಒಂದು ಸಲವೂ ನೋಡಿರಲಿಲ್ಲ. ರಕ್ತ ಬಂದು ಒಣಗಿತ್ತು.

"ತುರಿಕೆ ಯಾವಾಗಿಂದ ಇದೆ?"

"ಮೂರು ವಾರ ಆಯ್ತು."

"ಮೂರು ವಾರಾನಾ? ಯಾರಿಗಾದ್ರೂ ಹೇಳಿದ್ರಾ?"

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳ ಎಡಗೈ ನನ್ನ ಕೈಯಲ್ಲಿತ್ತು.  ಹೇಳಲಿ, ಹೇಳಿಬಿಡಲಿ ಅಂತಲೂ ಅನಿಸಿತು, ಹೇಳದಿರಲಿ ಅಂತಲೂ ಅನಿಸಿತು. ಎರಡನೆಯದೇ ಜಾಸ್ತಿ ಅನಿಸಿತು. ಅವಳು ನನ್ನ ಕಡೆ ನೋಡಲಿಲ್ಲ.

"ಇಲ್ಲ" ಅಂದಳು. "ಯಾರಿಗೂ ಹೇಳಲಿಲ್ಲ. ಸೋಪಿನ ಪೌಡರಿಂದ ಅಂದ್ಕೊಂಡೆ."

ಗಂಡ ಗೋಡೆ ಬಿಟ್ಟು ಮುಂದೆ ಬಂದ. "ಅಕ್ಕನ್ನ ಕೇಳು, ಅವರಿಗೆ ಇದೆಲ್ಲ ಗೊತ್ತಿರುತ್ತೆ ಅಂತ ನಾನು ಹೇಳಿದ್ನಲ್ಲ! ಎರಡು ಸಲ ಹೇಳ್ದೆ. ಕೇಳಿದ್ಯಾ ನೀನು?"

"ಇಲ್ಲ."

"ಯಾಕೆ ಕೇಳಲಿಲ್ಲ? ಬಾಯಿಗೇನಾಗಿತ್ತು ನಿಂಗೆ?"

ಡಾಕ್ಟರು ಅವನನ್ನು ತಡೆದರು. "ಯಾರನ್ನೂ ಬೈಯೋ ಹೊತ್ತಲ್ಲ ಇದು" ಅಂದರು. ಆಮೇಲೆ ಫೈಲಿನಲ್ಲಿ ಬರೆದುಕೊಂಡರು. ಆ ಪೆನ್ನು ಓಡುತ್ತಿದ್ದಷ್ಟು ಹೊತ್ತು ನನಗೆ ಬಾಯಿ ತೆರೆಯಲು ಸಮಯವಿತ್ತು. ನಾನು ತೆರೆಯಲಿಲ್ಲ.

ಕಾರಿಡಾರಿನಲ್ಲಿ ನನ್ನನ್ನೂ ಅವಳ ಗಂಡನನ್ನೂ ಕೂರಿಸಿ ಡಾಕ್ಟರು ಬಿಡಿಸಿ ಹೇಳಿದರು. ಇದು ಚರ್ಮದ ಕಾಯಿಲೆಯಲ್ಲವಂತೆ, ಲಿವರಿನದು. ಬಸುರಿನ ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ಪಿತ್ತರಸ ಸರಿಯಾಗಿ ಹರಿಯದೆ ರಕ್ತಕ್ಕೆ ಸೇರಿಕೊಳ್ಳುತ್ತೆ. ಅದಕ್ಕೇ ತುರಿಕೆ. ಮೈಯಲ್ಲಿ ಎಲ್ಲಿ ಬೇಕಾದರೂ ಬರಬಹುದು, ಅಂಗೈ ಅಂಗಾಲಿನಲ್ಲಿ ಜಾಸ್ತಿ, ರಾತ್ರಿ ಹೊತ್ತು ಇನ್ನೂ ಜಾಸ್ತಿ. ಮೂತ್ರದ ಬಣ್ಣ ಗಾಢವಾಗಬಹುದು, ಕಣ್ಣು ಹಳದಿಯಾಗಬಹುದು.

"ಗುಳ್ಳೆ?" ಅಂದೆ. 

"ಗುಳ್ಳೆ, ದದ್ದು ಇರೋದೇ ಇಲ್ಲ. ಕೆರೆದ ಗೀರು ಮಾತ್ರ ಇರುತ್ತೆ. ಅದಕ್ಕೇ ಜನ ಮೋಸ ಹೋಗ್ತಾರೆ. ಬಸುರಿನಲ್ಲಿ ಸಣ್ಣಪುಟ್ಟ ತುರಿಕೆ ಎಷ್ಟೋ ಜನಕ್ಕೆ ಬರುತ್ತೆ, ಹೆಚ್ಚಿನವರಿಗೆ ಏನೂ ಆಗಿರಲ್ಲ. ಆದ್ರೆ ಇಂಥ ತುರಿಕೆ ಶುರುವಾದ್ರೆ ಮುಂದಿನ ತಪಾಸಣೆಗೆ ಕಾಯಬಾರದು, ಅವತ್ತೇ ಫೋನ್ ಮಾಡಬೇಕು ಇಲ್ಲ ಬರಬೇಕು. ಒಂದು ರಕ್ತಪರೀಕ್ಷೆ ಸಾಕು. ಸರಿ ಇದೆ ಅಂತ ಬಂದ್ರೂ ತುರಿಕೆ ನಿಲ್ಲದಿದ್ರೆ ಮತ್ತೆ ಮಾಡಿಸಬೇಕು. ಇನ್ನು ಮಗು ಅಲುಗಾಡೋದು ಕಡಿಮೆ ಆಯ್ತು ಅನ್ಸಿದ್ರೆ ಒಂದು ಗಂಟೆಯೂ ಕಾಯಬಾರದು, ರಾತ್ರಿಯಾದ್ರೂ ಸರಿ."

ತಂಗಿಯ ರಕ್ತದಲ್ಲಿ ಪಿತ್ತದ ಮಟ್ಟ ತುಂಬ ಮೇಲಕ್ಕೆ ಹೋಗಿತ್ತಂತೆ. ಅಷ್ಟು ಮೇಲೆ ಹೋದವರಲ್ಲೇ ಮಗುವಿಗೆ ಹೆಚ್ಚಿನ ಅಪಾಯ, ಅಂಥವರಿಗೆ ದಿನ ತುಂಬೋಕೆ ಬಿಡದೆ ಮೊದಲೇ ಹೆರಿಗೆ ಮಾಡಿಸುತ್ತಾರಂತೆ.

"ಬುಧವಾರ ಬಂದಿದ್ರೆ?" ಅಂದೆ ನಾನು. ತಂಗಿಯ ಗಂಡ ತಿರುಗಿ ನನ್ನನ್ನು ನೋಡಿದ. ಬುಧವಾರವೇ ಯಾಕೆ ಅಂತ ಅವನಿಗೆ ಹೊಳೆಯಲಿಲ್ಲ, ದೇವರ ದಯೆ. ದಯೆಯಂತೆ, ಥೂ.

"ಖಂಡಿತ ಉಳೀತಿತ್ತು ಅಂತ ನಾನು ಹೇಳೋಕಾಗಲ್ಲ" ಅಂದರು ಡಾಕ್ಟರು. "ಆದ್ರೆ ಬಂದಿದ್ರೆ ನಮಗೆ ಗೊತ್ತಾಗ್ತಿತ್ತು. ಗೊತ್ತಾಗಿದ್ರೆ ಸುಮ್ನೆ ಕೂರ್ತಿರಲಿಲ್ಲ."

ಭಾನುವಾರ ಮಧ್ಯಾಹ್ನ ಹೆರಿಗೆಯಾಯಿತು. ಸತ್ತ ಮಗುವನ್ನೂ ಹೆರಲೇಬೇಕು, ಅದೇ ನೋವು, ಅಷ್ಟೇ ಹೊತ್ತು. ಅದೊಂದು ಅನ್ಯಾಯ ನನಗೆ ಇವತ್ತಿಗೂ ಸಹಿಸೋಕಾಗಲ್ಲ. ಹೆಣ್ಣು ಮಗು. ತಲೆ ತುಂಬ ಕೂದಲು, ಮೂಗು ನಮ್ಮಮ್ಮನದು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ನನ್ನ ಈ ದರಿದ್ರ ಬೆರಳುಗಳು ಏನು ಮಾಡಿದವು ಗೊತ್ತಾ? ಬಟ್ಟೆಯ ಅಂಚು ಸರಿಯಾಗಿ ಮಡಚಿದೆಯಾ ಅಂತ ನೋಡಿದವು. ಅಂಚು ಸರಿಯಾಗಿಯೇ ಇತ್ತು. ತಂಗಿಯ ತೋಳಿಗೆ ಕೊಟ್ಟಾಗ ಅವಳು ಮಗುವಿನ ಅಂಗೈ ಬಿಡಿಸಿ, ಅಂಗಾಲು ಬಿಡಿಸಿ, ತುಂಬ ಹೊತ್ತು ಸವರುತ್ತಾ ಕೂತಿದ್ದಳು.

ಎರಡು ದಿನದಲ್ಲಿ ಅವಳ ತುರಿಕೆ ಇಳಿಯಿತು. ಹೆರಿಗೆಯಾದ ಮೇಲೆ ತಾನಾಗಿ ಹೋಗುತ್ತೆ ಅಂತ ಡಾಕ್ಟರು ಹೇಳಿದ್ದರು, ಹಾಗೇ ಆಯಿತು. ಮತ್ತೆ ಬಸುರಿಯಾದರೆ ಮತ್ತೆ ಬರುವ ಸಂಭವ ಹೆಚ್ಚು, ಮೊದಲ ದಿನದಿಂದಲೇ ಡಾಕ್ಟರಿಗೆ ಹೇಳಬೇಕು ಅಂತ ಚೀಟಿಯಲ್ಲಿ ಬರೆದೂ ಕೊಟ್ಟರು.

ನಾನು ಲಾಂಡ್ರಿಗೆ ಹೋದೆ. ಹೋಗದೆ ಎಲ್ಲಿ ಸಾಯಲಿ? ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿ ಹೇಳಿದೆ, "ಇವತ್ತಿಂದ ಯಾರೂ ಗುಳ್ಳೆ ತೋರಿಸಬೇಕಾಗಿಲ್ಲ. ಬಸುರಿಯರು ಯಾರಿಗೇ ತುರಿಕೆ ಬಂದ್ರೂ, ಏನೂ ಕಾಣದಿದ್ರೂ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಜೆ ನಾನು ಕೊಡ್ತೀನಿ." ಹುಡುಗಿಯರು ಕಣ್ಣೊರೆಸಿಕೊಂಡರು. ಮಾಲೀಕರು, "ನಿಮ್ಮ ದುಃಖದಲ್ಲೂ ಬೇರೆಯವರ ಬಗ್ಗೆ ಯೋಚಿಸಿದ್ರಲ್ಲಮ್ಮಾ, ದೊಡ್ಡ ಮನಸ್ಸು" ಅಂದರು. ಇಸ್ತ್ರಿ ದೊಡ್ಡಮ್ಮ ಮಾತ್ರ ರೋಲರಿಗೆ ಶೀಟು ಕೊಡುತ್ತಾ ತಲೆಯೇ ಎತ್ತಲಿಲ್ಲ. ಈಗ ಅವಳು ಟೀ ಬೇರೆ ಕಡೆ ಕುಡಿಯುತ್ತಾಳೆ. ಅವಳು ಬಾಯಿಬಿಟ್ಟು ನನ್ನ ಮಾನ ಕಳೆದಿದ್ದರೂ ಚೆನ್ನಾಗಿತ್ತು. ಅವಳಿಗೂ ಕೆಲಸ ಬೇಕಲ್ಲ, ಸುಮ್ಮನಿದ್ದಾಳೆ.

ತಂಗಿ ಕೆಲಸಕ್ಕೆ ಬರಲಿಲ್ಲ. ನಾನು ದಿನ ಬಿಟ್ಟು ದಿನ ಅವಳ ಮನೆಗೆ ಹೋಗುತ್ತಿದ್ದೆ, ಹಣ್ಣು, ಬ್ರೆಡ್ಡು, ಏನಾದರೂ ಹಿಡಿದುಕೊಂಡು. ಹೋದಾಗಲೆಲ್ಲ ಇವತ್ತು ಹೇಳಿಬಿಡ್ತೀನಿ ಅಂದುಕೊಂಡೇ ಮೆಟ್ಟಿಲು ಹತ್ತುತ್ತಿದ್ದೆ. ಅವಳ ಗಂಡ ಬಾಗಿಲು ತೆಗೆಯುತ್ತಿದ್ದ. ಬಡಕಲಾಗಿದ್ದ. "ಬನ್ನಿ ಅಕ್ಕ, ನೀವು ಬಂದ್ರೆ ಮನೆ ಸ್ವಲ್ಪ ಮನೆ ಅನ್ಸುತ್ತೆ" ಅನ್ನುತ್ತಿದ್ದ. ಅಷ್ಟು ಕೇಳಿದ ಮೇಲೆ ನನ್ನ ನಾಲಿಗೆ ಒಳಗೇ ಸೇರಿಕೊಳ್ಳುತ್ತಿತ್ತು. ಹೆಂಡತಿಯ ಜೊತೆ ಅವನು ಅಗತ್ಯಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ. ಅವಳು ಸುಮ್ಮನಿದ್ದು ಮಗುವನ್ನು ಕಳೆದಳು ಅಂತ ಅವನು ನಂಬಿದ್ದ. ಬಾಯಲ್ಲಿ ಹೇಳುತ್ತಿರಲಿಲ್ಲ, ಆದರೆ ಅವಳು ಬಡಿಸಿದ ತಟ್ಟೆಯ ಮುಂದೆ ಕೂತಾಗ ಮುಖದಲ್ಲಿ ಗೊತ್ತಾಗುತ್ತಿತ್ತು.

ಅವಳು ಯಾಕೆ ಹಾಗೆ ಹೇಳಿದಳು? ಎಷ್ಟು ಸಲ ಕೇಳಬೇಕು ಅಂದುಕೊಂಡೆ. ಒಂದು ಸಲ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿಯೂಬಿಟ್ಟೆ. "ಆಗ ನಿನ್ನ ಹೆಸರು ಹೇಳಿದ್ರೆ ಅವನು ನಿನ್ನನ್ನ ಅಲ್ಲಿಂದ ಕಳಿಸಿಬಿಡ್ತಿದ್ದ" ಅಂದಳು. "ಹೆರಿಗೆ ಹೊತ್ತಿಗೆ ನಂಗೆ ಯಾರಾದ್ರೂ ಬೇಕಿತ್ತು." "ನೀನೇ ಹೇಳ್ತೀಯ ಅಂದ್ಕೊಂಡಿದ್ದೆ, ಆಮೇಲೆ" ಅಂತಲೂ ಅಂದಳು. ಸಿಟ್ಟಿನಿಂದಲ್ಲ, ಸುಮ್ಮನೆ, ಪಾತ್ರೆ ಒರೆಸುತ್ತಾ.

ಒಂದು ತಿಂಗಳ ಮೇಲೆ ಅವಳ ಅತ್ತೆ ಊರಿಂದ ಬಂದರು. ಕೆಟ್ಟವರಲ್ಲ. ಮೊಮ್ಮಗುವಿಗೆ ಅಂತ ಹೆಣೆದಿದ್ದ ಉಣ್ಣೆ ಟೋಪಿಯನ್ನು ಪೆಟ್ಟಿಗೆಯ ತಳದಲ್ಲಿ ಹಾಕಿ ಮುಚ್ಚಿಟ್ಟುಕೊಂಡು ಅಳುತ್ತಿದ್ದರು. ನಾನು ಹೋದ ದಿನ ನಾಲ್ಕೂ ಜನ ಒಂದೇ ಕೋಣೆಯಲ್ಲಿದ್ದೆವು. ತಂಗಿ ಟೀ ತಂದುಕೊಟ್ಟು ಮಂಚದ ಅಂಚಿಗೆ ಕೂತಳು, ಅವಳ ಗಂಡ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ. ಅತ್ತೆ ತಡೆಯಲಾರದೆ ಶುರು ಮಾಡಿದರು.

"ಮೂರು ವಾರ! ಮೂರು ವಾರ ಕೆರ್ಕೊಂಡು ಕೆರ್ಕೊಂಡು ಒಬ್ಬರಿಗೂ ಹೇಳದೆ ಇದ್ಯಲ್ಲ, ನೀನೇನು ಮೂಕಿನಾ? ನಾನು ದೂರದಲ್ಲಿದ್ದೆ, ಹೋಗಲಿ. ಇವನು ರಾತ್ರಿಯೆಲ್ಲ ಮನೇಲಿರಲ್ಲ, ಹೋಗಲಿ. ಇವರಿರಲಿಲ್ವಾ?" ಅಂತ ನನ್ನ ಕಡೆ ಕೈ ತೋರಿಸಿದರು. "ಹೆತ್ತ ತಾಯಿ ಹಾಗೆ ಸಾಕಿದ್ದಾರೆ ನಿನ್ನನ್ನ. ಇವರಿಗೊಂದು ಮಾತು ಹೇಳಿದ್ರೆ ಸುಮ್ನೆ ಇರ್ತಿದ್ರಾ? ಹೊತ್ಕೊಂಡು ಹೋಗ್ತಿದ್ರು ಆಸ್ಪತ್ರೆಗೆ. ನೀವೇ ಹೇಳಿ ಅಮ್ಮ, ಹೇಳಬೇಕಿತ್ತೋ ಬೇಡ್ವೋ?"

ತಂಗಿ ತಲೆಯೆತ್ತಿದಳು. ಆಸ್ಪತ್ರೆಯಲ್ಲಿ ನನ್ನ ಕಡೆ ನೋಡದವಳು ಈಗ ನೇರ ನನ್ನ ಕಣ್ಣನ್ನೇ ನೋಡಿದಳು. ಬೇಡಿಕೊಳ್ಳುವ ಹಾಗೇನೂ ಇರಲಿಲ್ಲ, ಬರೀ ಕಾಯುತ್ತಿದ್ದಳು. ಕಿಟಕಿಯ ಹತ್ತಿರ ಅವಳ ಗಂಡನೂ ತಿರುಗಿದ. ಹೇಳಿದ್ಲು, ಎರಡು ಸಲ ಹೇಳಿದ್ಲು, ನಾನೇ ಕಳಿಸಲಿಲ್ಲ. ಇಷ್ಟೇ. ಒಂದು ಉಸಿರಿನ ಮಾತು. ಹೇಳಿದ್ದರೆ ಅವನು ನನ್ನನ್ನು ಆಚೆಗೆ ನೂಕುತ್ತಿದ್ದ, ಅತ್ತೆ ಶಾಪ ಹಾಕುತ್ತಿದ್ದರು, ಆದರೆ ಅವಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು.

"ಹೇಳಬೇಕಿತ್ತು ಕಣೇ" ಅಂದೆ ನಾನು.

ಅವಳು ಹೂಂ ಅಂತ ತಲೆಯಾಡಿಸಿದಳು. ಎದ್ದು ನನ್ನ ಕೈಯಿಂದ ಲೋಟ ತೆಗೆದುಕೊಂಡಳು, ಅದರಲ್ಲಿ ಟೀ ಇನ್ನೂ ಅರ್ಧ ಇತ್ತು. ಆಮೇಲೆ ಅತ್ತೆಗೆ ಹೇಳಿದಳು, "ಅತ್ತೆ, ಅಕ್ಕ ಹೊರಟ್ಲು. ಬಾಗಿಲು ಹಾಕ್ಕೊಳ್ಳಿ."

ನಾನಿನ್ನೂ ಎದ್ದೇ ಇರಲಿಲ್ಲ.